ರೋಗಿಯ ರಕ್ತದಿಂದಲೇ ರೋಗಿಗೆ ಔಷಧ

ಮಾತ್ರೆಗಳನ್ನು ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಿಸಿ ದಾಸ್ತಾನು ಇಡಬಹುದು. ಆದರೆ ಒಬ್ಬ ರೋಗಿಗಾಗಿ, ಆತನದೇ ರಕ್ತದಿಂದ ತಯಾರಾಗುವ ಔಷಧವೂ ಇದೆ. ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗೆ ನೀಡುವ ‘ಕಾರ್-ಟಿ’ ಚಿಕಿತ್ಸೆ ಅಂಥದ್ದು.

ಇದರ ತಯಾರಿ ಹೀಗೆ: ಯಂತ್ರದ ಮೂಲಕ ರೋಗಿಯ ರಕ್ತದಿಂದ ಬಿಳಿ ರಕ್ತಕಣಗಳನ್ನು ಬೇರ್ಪಡಿಸುತ್ತಾರೆ. ಅವುಗಳಲ್ಲಿನ ‘ಟಿ’ ಕೋಶಗಳಿಗೆ, ರೋಗ ಹರಡದಂತೆ ಮಾರ್ಪಡಿಸಿದ ವೈರಸ್ ಮೂಲಕ ಹೊಸ ಜೀನ್ ಸೇರಿಸುತ್ತಾರೆ. ಆಗ ಅವು ಕ್ಯಾನ್ಸರ್ ಕೋಶಗಳನ್ನು ಗುರುತಿಸಿ ಕೊಲ್ಲಬಲ್ಲವು. ಅವುಗಳನ್ನು ಶುದ್ಧ ಕೋಣೆಯಲ್ಲಿ ಹಲವು ದಿನ ಬೆಳೆಸಿ, ಸೋಂಕಿಲ್ಲವೆಂದು ಪರೀಕ್ಷಿಸಿ, ಅತಿಶೀತದಲ್ಲಿ ಕಾಪಿಟ್ಟು, ಕೊನೆಗೆ ಅದೇ ರೋಗಿಗೆ ಡ್ರಿಪ್ ಮೂಲಕ ಕೊಡುತ್ತಾರೆ. ಚೀಲ ಅದಲುಬದಲಾದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಪ್ರತಿ ಹಂತದಲ್ಲೂ ಗುರುತಿನ ತಪಾಸಣೆ ಇರುತ್ತದೆ. ಇದಕ್ಕೆ ಭ್ರೂಣವನ್ನು ಬಳಸುವುದಿಲ್ಲ.

ಅಮೆರಿಕದಲ್ಲಿ 2017ರಲ್ಲಿ ಅನುಮೋದನೆ ಪಡೆದ ಮೊದಲ ಕಾರ್-ಟಿ ಔಷಧದ ಬೆಲೆ 4,75,000 ಡಾಲರ್ ಆಗಿತ್ತು. ಭಾರತದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳ ಸಂಶೋಧನೆಯಿಂದ ರೂಪುಗೊಂಡ ‘ನೆಕ್ಸ್‌ಕಾರ್19’ 2023ರ ಅಕ್ಟೋಬರ್‌ನಲ್ಲಿ ಅನುಮೋದನೆ ಪಡೆಯಿತು. ವೈರಸ್ ವಾಹಕವನ್ನೂ ಇಲ್ಲಿಯೇ ತಯಾರಿಸಿದ್ದರಿಂದ ವೆಚ್ಚ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯಿತು. ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಶಾ, ಡಾ. ಸಿದ್ಧಾರ್ಥ ಮುಖರ್ಜಿ ಮತ್ತಿತರರು ಸ್ಥಾಪಿಸಿದ ‘ಇಮ್ಯುನೀಲ್’ ಸಂಸ್ಥೆ, ಸ್ಪೇನ್‌ನ ಬಾರ್ಸಿಲೋನಾದ ಆಸ್ಪತ್ರೆಯೊಂದರ ತಂತ್ರಜ್ಞಾನ ಪಡೆದು, 2025ರ ಜನವರಿಯಲ್ಲಿ ‘ಕಾರ್ಟೆಮಿ’ಯನ್ನು ಬಿಡುಗಡೆ ಮಾಡಿತು. ಅದರ ತಯಾರಿಕಾ ಘಟಕ ಇರುವುದು ನಾರಾಯಣ ಹೆಲ್ತ್ ಸಿಟಿಯ ಆವರಣದಲ್ಲಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ತಾಲೂಕುಗಳ ಬಡ ಕುಟುಂಬಕ್ಕೆ ಇದರಿಂದ ಏನಾಯಿತು? ಔಷಧ ನಮ್ಮ ರಾಜ್ಯದಲ್ಲೇ ತಯಾರಾಗುತ್ತಿದೆ ಎಂಬುದು ದೊಡ್ಡ ಮಾತು. ಆದರೂ ಖರ್ಚು ಹತ್ತಾರು ಲಕ್ಷ ರೂಪಾಯಿ. ಚಿಕಿತ್ಸೆಯ ನಂತರ ತೀವ್ರ ಜ್ವರ, ರಕ್ತದೊತ್ತಡ ಕುಸಿತ, ಗೊಂದಲ ಕಾಣಿಸಿಕೊಳ್ಳಬಹುದಾದ್ದರಿಂದ ಕೆಲವು ವಾರ ಆಸ್ಪತ್ರೆಯ ಸಮೀಪವೇ ಇರಬೇಕು. ಕೂಲಿ ಬಿಟ್ಟು ಜೊತೆಗಿರುವವರ ಊಟ, ವಸತಿಯ ಹೊರೆಯೂ ಸೇರುತ್ತದೆ.

ರೋಗಿಗಳಿಗೆ ನೆರವಾಗುವವರು ಮೂರು ವಿಷಯ ನೆನಪಿಡಬೇಕು. ಒಂದು, ಇದು ಮೊದಲ ಮದ್ದಲ್ಲ. ಕೀಮೊಥೆರಪಿ ಮುಂತಾದವು ಫಲಿಸದಿದ್ದಾಗ ಅಥವಾ ರೋಗ ಮರುಕಳಿಸಿದಾಗ ಮಾತ್ರ ಇದರ ಆಲೋಚನೆ. ಆದ್ದರಿಂದ ಸಾಮಾನ್ಯ ಚಿಕಿತ್ಸೆಯನ್ನು ನಡುವೆ ನಿಲ್ಲಿಸಬಾರದು. ಎರಡು, ಎಲ್ಲರಿಗೂ ಇದು ಫಲಿಸುವುದಿಲ್ಲ. ಮೂರು, ‘ಸ್ಟೆಮ್ ಸೆಲ್‌ನಿಂದ ಎಲ್ಲ ರೋಗ ವಾಸಿ’ ಎನ್ನುವ ಜಾಹೀರಾತುಗಳೇ ಬೇರೆ, ಇದೇ ಬೇರೆ. ಐಸಿಎಂಆರ್‌ನ 2017ರ ಮಾರ್ಗಸೂಚಿ ಅಂಥ ವ್ಯಾಪಾರವನ್ನು ಒಪ್ಪುವುದಿಲ್ಲ.

ಹೊಲ ಅಡವಿಡುವ ಮೊದಲು ರಕ್ತರೋಗ ತಜ್ಞರನ್ನು ಕಂಡು, ಅನುಮೋದನೆ, ಒಟ್ಟು ಖರ್ಚು, ಸಹಾಯಧನದ ಬಗ್ಗೆ ಕೇಳಿ ತಿಳಿಯುವುದು ಲೇಸು. ಹಾಗೆ ಕೇಳಲು ಅಂಜುವವರ ಜೊತೆ ಹೋಗಿ ನಿಲ್ಲುವುದೂ ಒಂದು ಸೇವೆಯೇ.