ಮೋಟಾರು ಸೈಕಲ್ಲಿನ ನಿರ್ವಾತ ಕೊಳವೆಗಳು

ಹೊಸಪೇಟೆಯಿಂದ ಸಂಡೂರಿಗೆ ಸುಮಾರು 30 ಕಿಲೋಮೀಟರು ದೂರ. ಬೆಟ್ಟಗಳ ನಡುವೆ ಏರಬೇಕು, ತಿರುಗಬೇಕು, ಅದಿರು ತುಂಬಿದ ಲಾರಿಗಳು ಎಬ್ಬಿಸಿದ ಕೆಂಧೂಳನ್ನು ಸೀಳಿಕೊಂಡು ಸಾಗಬೇಕು. ಇಂತಹ ಏರುದಾರಿಯನ್ನು ಯಾವ ತಕರಾರೂ ಇಲ್ಲದೆ ಹತ್ತಿಬಿಟ್ಟ ಮೋಟಾರು ಸೈಕಲ್ಲು, ಊರೊಳಗೆ ದನವೊಂದು ಅಡ್ಡ ಬಂದಿತೆಂದು ನಿಲ್ಲಿಸಿದೊಡನೆ ನಡುಗಿ, ಕೆಮ್ಮಿ, ಆರಿಹೋಗುವುದುಂಟು. ಹೆಚ್ಚು ದುಡಿಯುವಾಗ ನೆಟ್ಟಗಿದ್ದು, ಸುಮ್ಮನೆ ನಿಂತಾಗ ಕೆಡುವ ಈ ವಿಚಿತ್ರ ರೋಗಕ್ಕೆ ಸವಾರನು ಸಾಮಾನ್ಯವಾಗಿ ಮಾಡುವ ಚಿಕಿತ್ಸೆಗಳು ಹಲವು: ಪ್ಲಗ್ಗು ಬದಲಿಸುತ್ತಾನೆ, ಕಾರ್ಬುರೇಟರನ್ನು ಬಿಚ್ಚಿ ತೊಳೆಸುತ್ತಾನೆ, ಪೆಟ್ರೋಲಿನಲ್ಲೇ ಕಲಬೆರಕೆಯೆಂದು ದೂರುತ್ತಾನೆ. ಕೈಯಲ್ಲಿದ್ದ ಹಣವೆಲ್ಲ ಕರಗಿದ ಮೇಲೆ, ಟ್ಯಾಂಕಿನ ಅಡಿಯಲ್ಲಿ ಅಡಗಿದ್ದ ಗೇಣುದ್ದದ ರಬ್ಬರು ಕೊಳವೆಯೊಂದು ತುದಿಯಲ್ಲಿ ಬಿರಿದಿದೆಯೆಂಬುದು ಕಂಡುಬರುತ್ತದೆ. ಗ್ಯಾರೇಜಿನವರು ಇದನ್ನು ವ್ಯಾಕ್ಯೂಮ್ ಪೈಪು ಎನ್ನುತ್ತಾರೆ. ನಾವು ನಿರ್ವಾತ ಕೊಳವೆಯೆಂದು ಕರೆಯೋಣ.

ನಿರ್ವಾತವೆಂದರೆ ಇಲ್ಲಿ ಸಂಪೂರ್ಣ ಶೂನ್ಯವಲ್ಲ. ಹೊರಗಿನ ವಾಯುವಿಗಿಂತ ಕಡಿಮೆ ಒತ್ತಡವೆಂದಷ್ಟೇ ಅರ್ಥ. ಪಿಸ್ಟನ್ನು ಕೆಳಗಿಳಿಯುವಾಗ ಸಿಲಿಂಡರಿನ ಅವಕಾಶ ಹಿಗ್ಗುತ್ತದೆ. ಆ ಅವಕಾಶವನ್ನು ತುಂಬಲು ಗಾಳಿ ಒಳಕ್ಕೆ ಬರುತ್ತದೆ. ಯಂತ್ರವು ಗಾಳಿಯನ್ನು ‘ಹೀರುತ್ತದೆ’ ಎಂದು ನಾವು ಹೇಳುತ್ತೇವಾದರೂ ನಿಜವಾಗಿ ಹೀರುವ ಶಕ್ತಿಯೆಂಬುದು ಯಾವುದೂ ಇಲ್ಲ. ಹೊರಗಿನ ವಾಯುಮಂಡಲವೇ ತನ್ನ ಭಾರದಿಂದ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಈ ಭಾರವನ್ನು 1643ರಲ್ಲಿ ಟಾರಿಚೆಲ್ಲಿಯ ಪಾದರಸದ ನಳಿಗೆ ಅಳೆದು ತೋರಿಸಿತು. ಕೆಲವೇ ವರ್ಷಗಳ ತರುವಾಯ, ಗಾಳಿ ತೆಗೆದ ಎರಡು ಅರ್ಧಗೋಳಗಳನ್ನು ಕುದುರೆಗಳ ತಂಡಗಳೂ ಬೇರ್ಪಡಿಸಲಾರವೆಂಬುದನ್ನು ಮಾಗ್ಡೆಬರ್ಗಿನ ಒಟ್ಟೋ ಫಾನ್ ಗೆರಿಕೆ ತೋರಿಸಿದನು. ಸಮುದ್ರಮಟ್ಟದಿಂದ ಸುಮಾರು 480 ಮೀಟರು ಎತ್ತರದಲ್ಲಿರುವ ಹೊಸಪೇಟೆಯಲ್ಲಿ ಈ ಒತ್ತಡ ಸುಮಾರು 96 ಕಿಲೋಪಾಸ್ಕಲ್. ಎಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಒಂದು ಕಿಲೋಗ್ರಾಮಿಗೆ ತುಸುವೇ ಕಡಿಮೆ ಭಾರ.

ಥ್ರಾಟಲನ್ನು ಪೂರ್ತಿ ತೆರೆದಾಗ ಗಾಳಿಗೆ ತಡೆಯಿಲ್ಲ; ಒಳಗಿನ ಒತ್ತಡ ಹೊರಗಿನದಕ್ಕೆ ಹೆಚ್ಚುಕಡಿಮೆ ಸಮನಾಗಿಯೇ ಇರುತ್ತದೆ. ಆದರೆ ಬಂಡಿಯನ್ನು ನಿಲ್ಲಿಸಿ ಯಂತ್ರವನ್ನು ಐಡ್ಲಿಂಗಿನಲ್ಲಿ ಬಿಟ್ಟಾಗ ಥ್ರಾಟಲಿನ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಪಿಸ್ಟನ್ನು ಇಳಿಯುತ್ತಲೇ ಇದೆ, ಗಾಳಿಗೆ ದಾರಿಯಿಲ್ಲ. ಆಗ ಬಾಗಿಲಿನ ಈಚೆಗಿನ ಒಳಸೇರು ನಾಳದಲ್ಲಿ ಒತ್ತಡವು ಹೊರಗಿನದರ ಅರ್ಧಕ್ಕೂ ಇಳಿಯಬಹುದು. ಒಂದೇ ಸಿಲಿಂಡರಿನ ಬಂಡಿಗಳಲ್ಲಿ ಇದು ಸ್ಥಿರವಾಗಿರದೆ ನಾಡಿಯಂತೆ ಮಿಡಿಯುತ್ತಿರುತ್ತದೆ. ಹೇಗೂ ಪುಕ್ಕಟೆಯಾಗಿ ದೊರೆಯುವ ಈ ಒತ್ತಡದ ವ್ಯತ್ಯಾಸವನ್ನು ಸಣ್ಣಪುಟ್ಟ ಕೆಲಸಗಳಿಗೆ ಬಳಸಿಕೊಳ್ಳಬಾರದೇಕೆ ಎಂದು ಯಂತ್ರಶಿಲ್ಪಿಗಳು ಯೋಚಿಸಿದುದರ ಫಲವೇ ನಮ್ಮ ಕೊಳವೆಗಳು.

1961ರಿಂದ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಬಂಡಿಗಳಿಗೆ ಇವುಗಳ ಗೊಡವೆ ಇರಲಿಲ್ಲ. ಸವಾರನೇ ಪೆಟ್ರೋಲಿನ ನಲ್ಲಿಯನ್ನು ತಿರುಗಿಸಿ ತೆರೆಯುತ್ತಿದ್ದನು, ಮುಚ್ಚುತ್ತಿದ್ದನು, ಮರೆತರೆ ಬೈಸಿಕೊಳ್ಳುತ್ತಿದ್ದನು. ಬಳಿಕ ಬಂದ ಹಲವು ಬಂಡಿಗಳಲ್ಲಿ ನಲ್ಲಿಯು ತಾನೇ ತೆರೆದುಕೊಳ್ಳುತ್ತದೆ. ಅದರೊಳಗೆ ರಬ್ಬರಿನ ಪೊರೆಯೊಂದಿದೆ. ಯಂತ್ರ ಓಡತೊಡಗಿದೊಡನೆ ಕೊಳವೆಯ ಮೂಲಕ ಪೊರೆಯ ಒಂದು ಬದಿಯ ಒತ್ತಡ ಇಳಿಯುತ್ತದೆ. ಇನ್ನೊಂದು ಬದಿಯ ವಾಯು ಅದನ್ನು ತಳ್ಳಿ ಪೆಟ್ರೋಲಿಗೆ ದಾರಿ ಮಾಡಿಕೊಡುತ್ತದೆ. ಪೊರೆಯ ವ್ಯಾಸ ಎರಡು ಸೆಂಟಿಮೀಟರು ಮಾತ್ರವಿದ್ದರೂ, ಒತ್ತಡ ಅರ್ಧಕ್ಕಿಳಿದಾಗ ಅದರ ಮೇಲೆ ಬೀಳುವ ಬಲ ಸುಮಾರು ಒಂದೂವರೆ ಕಿಲೋಗ್ರಾಂ ಭಾರದಷ್ಟು! ಮತ್ತೊಂದು ಕೊಳವೆ, ನಿಷ್ಕಾಸಕ್ಕೆ ಹೊಸ ಗಾಳಿಯನ್ನು ಬಿಡುವ ಕವಾಟಕ್ಕೆ ಹೋಗುತ್ತದೆ. ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿದಾಗ ನಿರ್ವಾತವು ಈ ಗಾಳಿಯನ್ನು ತಡೆಯುತ್ತದೆ. ಕೊಳವೆ ಒಡೆದರೆ ತಡೆಯುವವರಿಲ್ಲ. ಉಳಿದ ಪೆಟ್ರೋಲು ಸೈಲೆನ್ಸರಿನಲ್ಲಿ ಹೊತ್ತಿ ಪಟಪಟನೆ ಸಿಡಿಯುತ್ತದೆ. ಸಂಡೂರಿನಿಂದ ಇಳಿಯುವಾಗ ಪಟಾಕಿ ಹಾರಿಸಿಕೊಂಡು ಬರುವ ಬಂಡಿಯನ್ನು ಕಂಡರೆ ಇಲ್ಲಿಂದಲೇ ಪರೀಕ್ಷೆ ಆರಂಭಿಸಬಹುದು.

ನಮ್ಮ ದೇಶದಲ್ಲಿ 2020ರ ಏಪ್ರಿಲಿನಲ್ಲಿ ಆರನೆಯ ಭಾರತ್ ಮಾನವು ಜಾರಿಗೆ ಬಂದ ಮೇಲೆ ಹೊಸ ಬಂಡಿಗಳಲ್ಲಿ ಕಾರ್ಬುರೇಟರಿನ ಸ್ಥಾನವನ್ನು ಬಹುಮಟ್ಟಿಗೆ ಇಂಜೆಕ್ಟರು ಆಕ್ರಮಿಸಿತು. ಇವುಗಳಲ್ಲಿಯೂ ಕೊಳವೆಗಳುಂಟು. ಟ್ಯಾಂಕಿನ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಯಿಂದ ಒಂದು ಬರುತ್ತದೆ. ಕೆಲವು ಮಾದರಿಗಳಲ್ಲಿ ಒತ್ತಡವನ್ನು ಅಳೆಯುವ ಸಂವೇದಕಕ್ಕೆ ಇನ್ನೊಂದು ಹೋಗುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಕಾರ್ಬುರೇಟರಿನ ಬಂಡಿಯಲ್ಲಿ ಕೊಳವೆ ಸೋರಿದರೆ ಗಾಳಿ ಹೆಚ್ಚಾಗಿ ಪೆಟ್ರೋಲು ಸಾಲದಾಗುತ್ತದೆ. ಸಂವೇದಕದ ಕೊಳವೆ ಸೋರಿದರೆ ಫಲ ಇದಕ್ಕೆ ವಿರುದ್ಧವಾಗಬಹುದು: ಸಂವೇದಕವು ಹೊರಗಿನ ಗಾಳಿಯ ಹೆಚ್ಚಿನ ಒತ್ತಡವನ್ನು ಕಂಡು, ಯಂತ್ರಕ್ಕೆ ಭಾರ ಬಿದ್ದಿದೆಯೆಂದು ಭ್ರಮಿಸಿ, ಪೆಟ್ರೋಲನ್ನು ಇನ್ನಷ್ಟು ಸುರಿಸುತ್ತದೆ. ಬಿರುಕು ಒಂದೇ, ರೋಗ ಎರಡು.

ಈಗ ಮೊದಲಿನ ಒಗಟಿಗೆ ಬರೋಣ. ಏರಿನಲ್ಲಿ ಸರಿಯಾಗಿದ್ದ ಬಂಡಿ ನಿಂತಾಗ ಕೆಡುವುದೇಕೆ? 150 ಘನ ಸೆಂಟಿಮೀಟರಿನ ಯಂತ್ರವು ನಿಮಿಷಕ್ಕೆ 1,400 ಸುತ್ತು ತಿರುಗುತ್ತ ಐಡ್ಲಿಂಗಿನಲ್ಲಿದೆಯೆನ್ನಿ. ನಾಲ್ಕು ಹೊಡೆತದ ಯಂತ್ರವಾದುದರಿಂದ ಎರಡು ಸುತ್ತಿಗೊಮ್ಮೆ ಮಾತ್ರ ಗಾಳಿ ಸೇರುತ್ತದೆ. 700 ಸಲ 150 ಎಂದರೆ 105 ಲೀಟರು. ಒತ್ತಡ ಅರ್ಧವಾಗಿರುವುದರಿಂದ ಹೊರಗಿನ ಗಾಳಿಯ ಲೆಕ್ಕದಲ್ಲಿ ಸುಮಾರು 52 ಲೀಟರು. ಕೊಳವೆಯಲ್ಲಿ ಒಂದು ಮಿಲಿಮೀಟರು ವ್ಯಾಸದ ತೂತಿದ್ದರೆ, ಒತ್ತಡದ ಇಷ್ಟು ವ್ಯತ್ಯಾಸದಲ್ಲಿ ಗಾಳಿ ಶಬ್ದದ ವೇಗವನ್ನು ಮುಟ್ಟುವ ರಭಸದಿಂದ ನುಗ್ಗುತ್ತದೆ. ನಿಮಿಷಕ್ಕೆ ಸುಮಾರು ಐದಾರು ಲೀಟರು ಒಳಸೇರುತ್ತದೆ. ಎಂದರೆ ಯಂತ್ರದ ಒಟ್ಟು ಆಹಾರದ ಹತ್ತರಲ್ಲೊಂದು ಭಾಗ ಪೆಟ್ರೋಲಿನ ಸೋಂಕೇ ಇಲ್ಲದ ಬರಿಯ ಗಾಳಿ! ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕೆಂಬ ಪ್ರಮಾಣ ಕೆಡುತ್ತದೆ. ಕಿಡಿ ಬಿದ್ದರೂ ಒಮ್ಮೊಮ್ಮೆ ಹೊತ್ತುವುದೇ ಇಲ್ಲ. ಅದೇ ಯಂತ್ರ ಏರಿನಲ್ಲಿ 7,000 ಸುತ್ತು ತಿರುಗುತ್ತಿರುವಾಗ ನಿಮಿಷಕ್ಕೆ 525 ಲೀಟರಿನಷ್ಟು ಸೇರಿಸಿಕೊಳ್ಳಬಲ್ಲುದು. ಥ್ರಾಟಲ್ ತೆರೆದಿರುವುದರಿಂದ ನಿರ್ವಾತವೂ ಅತ್ಯಲ್ಪ. ತೂತಿನಿಂದ ಬರುವ ಚೂರು ಗಾಳಿ ಅಲ್ಲಿ ಲೆಕ್ಕಕ್ಕಿಲ್ಲ.

ಆದರೆ ‘ಓಡುವಾಗ ಸರಿಯಾಗಿದೆಯಲ್ಲ’ ಎಂದು ಸುಮ್ಮನಿರುವಂತಿಲ್ಲ, ನಮ್ಮ ಸೀಮೆಯಲ್ಲಂತೂ ಸರ್ವಥಾ ಇಲ್ಲ. ಬಿರುಕಿನಿಂದ ಒಳಸೇರುವ ಗಾಳಿ ಶೋಧಕದ ಮೂಲಕ ಬಂದುದಲ್ಲ. ಸಂಡೂರಿನ ಧೂಳಿನಲ್ಲಿರುವ ಕಬ್ಬಿಣದ ಅದಿರು ಹೆಮಟೈಟು. ಮೋಸನ ಕಾಠಿಣ್ಯಮಾನದಲ್ಲಿ ಅದರ ಸ್ಥಾನ 5ರಿಂದ 6ರ ಆಸುಪಾಸು. ಜೊತೆಗಿರುವ ಬೆಣಚುಕಲ್ಲಿನ ಪುಡಿಯದು 7. ಎಣ್ಣೆಯಲ್ಲಿ ಕಲಸಿದ ಇಂತಹ ಪುಡಿಯೆಂದರೆ ಸಾಣೆಯ ಲೇಪವೇ ಸರಿ. ಪಿಸ್ಟನ್ನಿನ ಉಂಗುರಗಳನ್ನೂ ಸಿಲಿಂಡರಿನ ಗೋಡೆಯನ್ನೂ ಅದು ಸದ್ದಿಲ್ಲದೆ ಸವೆಸುತ್ತದೆ. ಕೆಲವೇ ರೂಪಾಯಿಗಳ ಕೊಳವೆಯನ್ನು ಅಲಕ್ಷಿಸಿದವರು ಸಿಲಿಂಡರನ್ನು ಕೊರೆಯಿಸುವ ಸಾವಿರಗಳ ಖರ್ಚಿಗೆ ಸಿಕ್ಕಿಕೊಳ್ಳುವುದು ಹೀಗೆ.

ರಬ್ಬರು ಬಿರಿಯುವುದೇಕೆ? 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಹಿಡಿದಂತೆ, ಗಂಧಕದೊಡನೆ ಕಾಯಿಸಿದ ರಬ್ಬರಿನ ಉದ್ದನೆಯ ಅಣುಸರಪಳಿಗಳ ನಡುವೆ ಸೇತುವೆಗಳು ಏರ್ಪಟ್ಟು ಅದಕ್ಕೆ ಬಲವೂ ಪುಟಿತವೂ ಬರುತ್ತವೆ. ಶಾಖ ಮತ್ತು ಆಮ್ಲಜನಕಗಳು ಸೇತುವೆಗಳನ್ನು ವಿಪರೀತವಾಗಿ ಬೆಳೆಸಿ ರಬ್ಬರನ್ನು ಮರದಂತೆ ಗಡುಸಾಗಿಸುತ್ತವೆ. ಇಂತಹ ಕ್ರಿಯೆಗಳ ವೇಗವು ಉಷ್ಣತೆ ಹತ್ತು ಡಿಗ್ರಿ ಏರಿದರೆ ಸುಮಾರು ಇಮ್ಮಡಿಯಾಗುತ್ತದೆಂಬುದು ರಸಾಯನಶಾಸ್ತ್ರದ ಒರಟು ನಿಯಮ. ಬೇಸಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಹಂಪೆಯ ಬಂಡೆಗಳ ನಡುವೆ ಬಂಡಿಯನ್ನು ನಿಲ್ಲಿಸಿ ಗುಡಿ ನೋಡಲು ಹೋದಾಗ, ಓಡುವಾಗ ಬೀಸುತ್ತಿದ್ದ ಗಾಳಿಯೂ ಇಲ್ಲದೆ, ಸಿಲಿಂಡರಿನ ತಾಪವೆಲ್ಲ ಮೇಲಿನ ಕೊಳವೆಗಳಿಗೆ ತಗಲುತ್ತದೆ. ಇದಲ್ಲದೆ ಗಾಳಿಯಲ್ಲಿರುವ ಅತ್ಯಲ್ಪ ಓಜೋನು, ರಬ್ಬರು ಎಲ್ಲಿ ಎಳೆದು ಬಿಗಿದಿದೆಯೋ ಅಲ್ಲಿಯೇ ಸರಪಳಿಗಳನ್ನು ಕಡಿಯುತ್ತದೆ. ಲೋಹದ ಮೂತಿಯ ಮೇಲೆ ಹಿಗ್ಗಿಸಿ ಕೂರಿಸಿದ ತುದಿಗಳಲ್ಲೇ ಬಿರುಕು ಮೊದಲು ತೋರುವುದು ಇದರಿಂದ. ಕಂಪ್ಲಿಯ ಗದ್ದೆಗಳ ಕಡೆಯಾದರೆ ಇಲಿಗಳನ್ನೂ ಈ ಪಟ್ಟಿಗೆ ಸೇರಿಸಬೇಕು. ಭತ್ತದ ಚೀಲಗಳ ಪಕ್ಕದಲ್ಲಿ ನಿಲ್ಲಿಸಿದ ಬಂಡಿಯ ಕೊಳವೆಗೆ ಓಜೋನಿನ ಅಗತ್ಯವೇ ಇರುವುದಿಲ್ಲ.

ಬದಲಿಸುವ ಕೆಲಸ ಮನೆಯಲ್ಲಿಯೇ ಸಾಧ್ಯ. ಯಂತ್ರ ಪೂರ್ತಿ ತಣ್ಣಗಾಗಿರಲಿ, ಸ್ಥಳ ಬಯಲಾಗಿರಲಿ, ಹತ್ತಿರ ದೀಪ, ಒಲೆ, ಬೀಡಿ ಇರಕೂಡದು. ಪೆಟ್ರೋಲಿನ ಕೊಳವೆ ಯಾವುದು, ನಿರ್ವಾತದ ಕೊಳವೆ ಯಾವುದು ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಇಂಜೆಕ್ಟರಿನ ಬಂಡಿಗಳಲ್ಲಿ ಪೆಟ್ರೋಲಿನ ನಾಳದೊಳಗೆ ವಾಯುಭಾರದ ಸುಮಾರು ಮೂರರಷ್ಟು ಒತ್ತಡವಿರುವುದರಿಂದ ಅದರ ತಂಟೆಗೆ ಹೋಗದಿರುವುದೇ ವಾಸಿ. ಸೀಟನ್ನು ತೆಗೆದು, ಬೇಕಾದರೆ ಟ್ಯಾಂಕನ್ನೂ ಸಡಿಲಿಸಿ, ಯಾವ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂಬುದರ ಚಿತ್ರ ಬರೆದುಕೊಳ್ಳಿ. ಫೋನಿನಲ್ಲಿ ಫೋಟೋ ತೆಗೆದರೂ ಆದೀತು, ಆದರೆ ಬರೆದವನಿಗೆ ನೆನಪಿರುವಷ್ಟು ಚೆನ್ನಾಗಿ ಫೋಟೋ ತೆಗೆದವನಿಗೆ ನೆನಪಿರುವುದಿಲ್ಲ. ಒಂದನ್ನು ಬಿಚ್ಚಿ, ಅದನ್ನು ಬದಲಿಸಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಬೇಕು. ಹಿಡಿಯುಂಗುರವನ್ನು ಇಕ್ಕಳದಿಂದ ಒತ್ತಿ ಹಿಂದಕ್ಕೆ ಸರಿಸಿ, ಕೊಳವೆಯನ್ನು ಎಳೆಯದೆ ತಿರುಚಿ ಬಿಡಿಸಿ. ಗಡುಸಾಗಿ ಅಂಟಿಕೊಂಡಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಅಡಿಯ ಮೂತಿಗೆ ಗೀರು ಬಿದ್ದರೆ ಹೊಸ ಕೊಳವೆಯೂ ಸೋರುತ್ತದೆ.

ಬಿಚ್ಚಿದ ಕೊಳವೆಯನ್ನು ಪರೀಕ್ಷಿಸಲು ಔಷಧಿ ಅಂಗಡಿಯ 20 ಮಿಲಿಲೀಟರಿನ ಸಿರಿಂಜು ಸಾಕು, ಸೂಜಿ ಬೇಡ. ಬಾಯಿಂದ ಮಾತ್ರ ಎಂದಿಗೂ ಎಳೆಯಬಾರದು, ಒಳಗೆ ಪೆಟ್ರೋಲಿನ ಆವಿಯಿರುತ್ತದೆ. 4 ಮಿಲಿಮೀಟರು ಒಳವ್ಯಾಸದ, 20 ಸೆಂಟಿಮೀಟರು ಉದ್ದದ ಕೊಳವೆಯಲ್ಲಿ ಸುಮಾರು 2.5 ಮಿಲಿಲೀಟರು ಗಾಳಿ ಹಿಡಿಯುತ್ತದೆ. ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಇನ್ನೊಂದಕ್ಕೆ ಸಿರಿಂಜಿನ ಮೂತಿಯನ್ನು ಬಿಗಿಯಾಗಿ ಸಿಕ್ಕಿಸಿ, ದಂಡವನ್ನು 7.5ರ ಗೆರೆಯವರೆಗೆ ಎಳೆಯಿರಿ. ಒಟ್ಟು ಅವಕಾಶ 10 ಮಿಲಿಲೀಟರಾಯಿತು. ಬಾಯ್ಲನ ನಿಯಮದಂತೆ ಒತ್ತಡ ಕಾಲುಭಾಗಕ್ಕಿಳಿಯಿತು. ಅರ್ಧ ನಿಮಿಷ ಹಿಡಿದು ಬಿಟ್ಟಾಗ ದಂಡವು ರಭಸದಿಂದ ಮರಳಿದರೆ ಕೊಳವೆ ಗಟ್ಟಿ. ಎಳೆದಲ್ಲಿಯೇ ಆಲಸಿಯಾಗಿ ನಿಂತರೆ ಎಲ್ಲಿಯೋ ಗಾಳಿ ಸೇರಿದೆ. ಎಳೆಯುವಾಗ ಕೊಳವೆಯೇ ಚಪ್ಪಟೆಯಾದರೆ ರಬ್ಬರು ಮೆತ್ತಗಾಗಿದೆಯೆಂದು ತಿಳಿದು ಅದನ್ನೂ ಎಸೆಯಬೇಕು. ಸೈಕಲ್ ಟ್ಯೂಬಿಗೆ ಮಾಡುವಂತೆ ಸಾಬೂನಿನ ಗುಳ್ಳೆಗಾಗಿ ಕಾದರೆ ಬಂಡಿಯ ಮೇಲೆ ಗುಳ್ಳೆ ಬಾರದು. ಇಲ್ಲಿ ಗಾಳಿ ಹೋಗುವುದು ಒಳಕ್ಕೆ.

ಹೊಸ ಕೊಳವೆಯ ಆಯ್ಕೆಯಲ್ಲಿ ಅವಸರ ಸಲ್ಲದು. ಮೂತಿಯ ಹೊರವ್ಯಾಸವನ್ನು ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರಿನಿಂದ ಅಳೆದು, ಅದಕ್ಕಿಂತ ತುಸು ಕಿರಿದಾದ ಒಳವ್ಯಾಸದ ಕೊಳವೆಯನ್ನು ಕೊಳ್ಳಬೇಕು. ಮೀನಿನ ತೊಟ್ಟಿಯ ಪಾರದರ್ಶಕ ಕೊಳವೆ, ಆಸ್ಪತ್ರೆಯ ಸಲೈನ್ ಕೊಳವೆ ಮುಂತಾದುವನ್ನು ಸಿಕ್ಕಿಸುವವರುಂಟು. ಅವು ತಾಪಕ್ಕೆ ಮೆತ್ತಗಾಗಿ ಕುಸಿಯುತ್ತವೆ, ಆವಿ ತಗುಲಿ ಗಡುಸಾಗುತ್ತವೆ. ಬರಿಯ ಗಾಳಿ ಹೋಗುವೆಡೆ ಸಿಲಿಕೋನು ಉತ್ತಮ. ಪೆಟ್ರೋಲು ಅಥವಾ ಅದರ ಆವಿ ಮುಟ್ಟುವೆಡೆ ಅದು ಉಬ್ಬಿಹೋಗುವುದರಿಂದ ನೈಟ್ರೈಲ್ ಅಥವಾ ಫ್ಲೋರೋ ರಬ್ಬರು ಬೇಕು. 2025ರ ವೇಳೆಗೆ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪ್ರಮಾಣ ನೂರಕ್ಕೆ 20ಕ್ಕೆ ಏರಿದೆ. ತುಂಗಭದ್ರೆಯ ಕಾಲುವೆಗಳ ಕೆಳಗೆ ಬೆಳೆಯುವಂತಹ ಕಬ್ಬೇ ಎಥನಾಲಿನ ಒಂದು ಮೂಲ. ಹಳೆಯ ಬಂಡಿಗಳ ಕೆಲವು ರಬ್ಬರುಗಳಿಗೆ ಅದು ಒಗ್ಗುವುದಿಲ್ಲವಾದುದರಿಂದ, ಎಥನಾಲಿಗೆ ತಡೆಯುವಂಥದೇ ಎಂದು ಅಂಗಡಿಯಲ್ಲಿ ಕೇಳಿಯೇ ತೆಗೆದುಕೊಳ್ಳಬೇಕು.

ಹಳೆಯದರಷ್ಟೇ ಉದ್ದಕ್ಕೆ ನೇರವಾಗಿ ಕತ್ತರಿಸಿ, ತುದಿಗೆ ಸಾಬೂನಿನ ನೀರನ್ನು ಒಂದು ಹನಿ ಸವರಿ, ಮೂತಿಯ ಉಬ್ಬನ್ನು ದಾಟುವವರೆಗೆ ತಳ್ಳಿ, ಹಿಡಿಯುಂಗುರವನ್ನು ಉಬ್ಬಿನ ಈಚೆಗೆ ಕೂರಿಸಿ. ಎಣ್ಣೆಯನ್ನೋ ಗ್ರೀಸನ್ನೋ ಸವರಬೇಡಿ. ತಿರುವಿನಲ್ಲಿ ಕೊಳವೆ ಮಡಿಸಿಕೊಳ್ಳಬಾರದು, ಸೈಲೆನ್ಸರಿನ ಬಿಸಿ ನಾಳಕ್ಕೆ ತಾಗಬಾರದು. ಒಳಸೇರು ನಾಳದ ಬಳಸದ ಮೂತಿಯೊಂದಕ್ಕೆ ಪುಟ್ಟ ರಬ್ಬರು ಟೊಪ್ಪಿಗೆಯಿದ್ದರೆ ಅದನ್ನು ಮರೆಯುವವರೇ ಹೆಚ್ಚು, ಅದೂ ಬಿರಿಯುತ್ತದೆ. ಪೆಟ್ರೋಲಿನ ನಲ್ಲಿಯಿಂದ ಬಿಚ್ಚಿದ ನಿರ್ವಾತ ಕೊಳವೆಯೊಳಗೆ ಪೆಟ್ರೋಲೇ ಕಂಡುಬಂದರಂತೂ ನಲ್ಲಿಯ ಪೊರೆ ಹರಿದಿದೆಯೆಂದು ತಿಳಿಯಬೇಕು. ಆಗ ಕೊಳವೆಯನ್ನು ಬದಲಿಸಿ ಫಲವಿಲ್ಲ, ನಲ್ಲಿಯನ್ನೇ ಬದಲಿಸಬೇಕು, ಯಂತ್ರದ ಎಣ್ಣೆಯಲ್ಲಿ ಪೆಟ್ರೋಲಿನ ವಾಸನೆಯಿದೆಯೇ ಎಂದೂ ನೋಡಬೇಕು.

ಎಲ್ಲವನ್ನೂ ಜೋಡಿಸಿದ ಬಳಿಕ ಯಂತ್ರವನ್ನು ಚಾಲೂ ಮಾಡಿ ಐಡ್ಲಿಂಗಿನಲ್ಲಿ ಬಿಡಿ. ಹಳೆಯ ಸೋರಿಕೆಯನ್ನು ಸರಿದೂಗಿಸಲು ಯಾರಾದರೂ ಐಡ್ಲಿಂಗಿನ ತಿರುಪನ್ನು ಬಿಗಿದಿದ್ದರೆ ಈಗ ವೇಗ ಹೆಚ್ಚಾಗಿ ತೋರೀತು. ಅದನ್ನು ಕೈಪಿಡಿಯಲ್ಲಿ ಹೇಳಿದ ಅಂಕಿಗೆ ಇಳಿಸಿಕೊಳ್ಳಬೇಕು. ಸಂದೇಹವುಳಿದಿದ್ದರೆ ಜೋಡಣೆಗಳ ಮೇಲೆ ಒಂದೊಂದಾಗಿ ತುಸು ನೀರು ಚಿಮುಕಿಸಿ, ಪ್ಲಗ್ಗಿನ ತಂತಿಯನ್ನೂ ಬಿಸಿಯಾದ ನಿಷ್ಕಾಸ ನಾಳವನ್ನೂ ತಪ್ಪಿಸಿ. ನೀರು ಬಿದ್ದ ಕ್ಷಣ ಯಂತ್ರದ ದನಿ ಬದಲಾದರೆ ಬಿರುಕು ಅಲ್ಲಿಯೇ ಇದೆ. ಈ ಪರೀಕ್ಷೆಗೆ ಕಾರ್ಬುರೇಟರ್ ತೊಳೆಯುವ ಸ್ಪ್ರೇಯನ್ನು ಬಳಸುವ ರೂಢಿ ಕೆಲವೆಡೆ ಇದೆ. ಅದು ಕಿಡಿಗೆ ಹೊತ್ತುವ ವಸ್ತು, ಮನೆಯಂಗಳದಲ್ಲಿ ನೀರೇ ಸಾಕು.