ಹುಗ್ಗಿಯ ಗೋಧಿಗೆ ಹಿರಿತನ

ಬೆಳಗಾವಿ, ವಿಜಯಪುರದ ಕಡೆ ಹುಗ್ಗಿಗೆ ಜವೆಗೋಧಿಯೇ ಆಗಬೇಕು. ಸದಕವೆಂದೂ ಖಪಲಿಯೆಂದೂ ಕರೆಸಿಕೊಳ್ಳುವ ಈ ಕೆಂಪು ಗೋಧಿಯನ್ನು ಒಕ್ಕಿದರೆ ತೆನೆ ತುಂಡಾಗುತ್ತದೆಯೇ ಹೊರತು ಸಿಪ್ಪೆ ಕಾಳನ್ನು ಬಿಡದು. ಒರಳಲ್ಲಿ ಹಾಕಿ ಕುಟ್ಟಬೇಕಿತ್ತು. ಕುಟ್ಟುವವರ ರಟ್ಟೆ ಸೋಲಿಸುವ ಈ ಗುಣವೇ ಅದರ ಹಳಮೆಯ ಗುರುತು.

ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಪಳಗಿದ ಮೊದಲ ಗೋಧಿಗಳಲ್ಲಿ ಇದೂ ಒಂದು. ಇದರ ಕಾಡು ಮೂಲವನ್ನು 1906ರಲ್ಲಿ ಆರನ್ ಆರನ್‌ಸನ್ ಗಲಿಲೀ ಸೀಮೆಯಲ್ಲಿ ಕಂಡರು. ಕಾಡುಗೋಧಿಯ ತೆನೆ ಮಾಗಿದೊಡನೆ ತಾನೇ ಉದುರಿಬಿಡುತ್ತದೆ. ಉದುರದೆ ನಿಂತ ತೆನೆಗಳು ಕೊಯ್ಯುವವರ ಕೈಗೆ ಸಿಕ್ಕಿ ಮರುವರ್ಷದ ಬೀಜವಾದವು. ಪಳಗಿಸುವುದೆಂದರೆ ಬಹುಮಟ್ಟಿಗೆ ಇಷ್ಟೇ. ಯಾರೂ ಬೇಕೆಂದು ಮಾಡಿದ್ದಲ್ಲ.

ಜವೆಗೋಧಿಯ ಜೀವಕೋಶದಲ್ಲಿ 28 ವರ್ಣತಂತುಗಳಿದ್ದರೆ ಚಪಾತಿಗೋಧಿಯಲ್ಲಿ 42. ಜವೆಯ ಬಳಗದ ಗೋಧಿಯೊಂದು ಕ್ಯಾಸ್ಪಿಯನ್ ಸಮುದ್ರದ ದಕ್ಷಿಣಕ್ಕೆ, 14 ವರ್ಣತಂತುಗಳ ಕಾಡುಹುಲ್ಲಿನೊಡನೆ ಬೆರೆತು ಚಪಾತಿಗೋಧಿ ಹುಟ್ಟಿತು. ಅದು ಹೊಲದ ಕೂಸು; ಕಾಡಿನಲ್ಲಿ ಎಂದೂ ಇರಲಿಲ್ಲ.

ಸುಲಭವಾಗಿ ಕಾಳು ಬಿಡುವ ಗೋಧಿಗಳು ಬಂದಮೇಲೆ ಜವೆ ಹಲವೆಡೆ ಹಿಂದೆ ಸರಿಯಿತು. ಇಥಿಯೋಪಿಯಾದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ಉಳಿಯಿತು. ಉಳಿದದ್ದು ಒಳ್ಳೆಯದೇ ಆಯಿತು: ತುಕ್ಕುರೋಗ ತಡೆಯುವ ಖಪಲಿಯ ವಂಶವಾಹಿಗಳನ್ನು ತಳಿವಿಜ್ಞಾನಿಗಳು ಬೇರೆ ಗೋಧಿಗಳಿಗೂ ಸೇರಿಸಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಡಿಡಿಕೆ 1025, ಡಿಡಿಕೆ 1029 ಎಂಬ ಸುಧಾರಿತ ಜವೆ ತಳಿಗಳನ್ನು ಹೊರತಂದಿದೆ. ಸಿಪ್ಪೆಯ ಬಿಗಿ ಮಾತ್ರ ಅವಕ್ಕೂ ಬಿಟ್ಟಿಲ್ಲ.