ಅಭಿಮಾನಿಯ ಮುಖಕ್ಕೆ ಉಗುಳಿದ ಆ ರಾತ್ರಿ!

1977ರ ಜುಲೈ 6. ಕೆನಡಾದ ಮಾಂಟ್ರಿಯಲ್ ನಗರ. ಹಿಂದಿನ ವರ್ಷವಷ್ಟೇ ಒಲಿಂಪಿಕ್ಸ್ ನಡೆದಿದ್ದ ಭಾರೀ ಸ್ಟೇಡಿಯಂ. ಒಳಗೆ ಹತ್ತಿರ ಹತ್ತಿರ ಎಂಬತ್ತು ಸಾವಿರ ಜನ! ಶಿಳ್ಳೆ, ಕೂಗಾಟ, ಮಧ್ಯೆ ಮಧ್ಯೆ ಪಟಾಕಿ. ವೇದಿಕೆಯ ಮೇಲೆ ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡ. ಜನವರಿಯಲ್ಲಿ ಜರ್ಮನಿಯಲ್ಲಿ ಶುರುವಾದ ಪ್ರವಾಸಕ್ಕೆ ಇದೇ ಕಟ್ಟಕಡೆಯ ರಾತ್ರಿ.

ಮುಂದುಗಡೆಯೇ ಒಬ್ಬ ಹುಡುಗ. ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದಾನೆ. ಗಾಯಕ ರೋಜರ್ ವಾಟರ್ಸ್ ಅವನನ್ನು ನೋಡಿದ. ಥೂ! ಮುಖಕ್ಕೇ ಉಗುಳಿಬಿಟ್ಟ!

ಕಾಸು ಕೊಟ್ಟು ಟಿಕೇಟು ತಗೊಂಡು ಬಂದವನಿಗೆ ಸಿಕ್ಕ ಪ್ರಸಾದ ಅದು. ಅಭಿಮಾನಿಗಳನ್ನು ದೇವರು ಅಂತ ಕರೆದ ಅಣ್ಣಾವ್ರ ನಾಡಿನವರು ನಾವು. ಕೇಳಿದರೇ ಮೈ ಉರಿಯುತ್ತೆ, ಅಲ್ವೇ? ಆದರೆ ಸ್ವಲ್ಪ ತಾಳಿ ಸ್ವಾಮಿ. ಈ ಜಗಳ ಶುರುವಾದದ್ದು ಹತ್ತು ವರ್ಷ ಮೊದಲು. ಆಗ ಪೆಟ್ಟು ತಿಂದವನು ಇದೇ ವಾಟರ್ಸ್!

ಕಾಸಿನೇಟು

1965ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ತಂಡ ಇದು. ಸಿಡ್ ಬ್ಯಾರೆಟ್, ರೋಜರ್ ವಾಟರ್ಸ್, ರಿಕ್ ರೈಟ್, ನಿಕ್ ಮೇಸನ್ – ನಾಲ್ವರೂ ಕಾಲೇಜು ಹುಡುಗರು. ಅಮೆರಿಕದ ಇಬ್ಬರು ಬ್ಲೂಸ್ ಹಾಡುಗಾರರ ಹೆಸರಿನಿಂದ ಪಿಂಕ್ ಒಂದನ್ನು, ಫ್ಲಾಯ್ಡ್ ಒಂದನ್ನು ಕಿತ್ತು ಜೋಡಿಸಿ ತಂಡಕ್ಕೆ ನಾಮಕರಣ ಮಾಡಿದವನು ಬ್ಯಾರೆಟ್.

1967ರಲ್ಲಿ ಇವರ 'ಸೀ ಎಮಿಲಿ ಪ್ಲೇ' ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತು. ಆಮೇಲೆ ಕೇಳಬೇಕೆ? ಊರೂರುಗಳಿಂದ ಕರೆ. ರೇಡಿಯೋದಲ್ಲಿ ಕೇಳಿದ ಮೂರು ನಿಮಿಷದ ಹಾಡನ್ನು ಕಣ್ಣಾರೆ ನೋಡಿ ಕುಣಿಯೋಣ ಅಂತ ಬಂದ ಹುಡುಗರ ಮುಂದೆ ಇವರು ಆ ಹಾಡನ್ನೇ ಹಾಡುತ್ತಿರಲಿಲ್ಲ! ಒಂದೇ ರಾಗ ಹಿಡಿದು ಹತ್ತು ನಿಮಿಷ, ಹದಿನೈದು ನಿಮಿಷ ಗಿಟಾರು ಎಳೆದಾಡುತ್ತಿದ್ದರು. ಲಂಡನ್ನಿನ ಕ್ಲಬ್ಬುಗಳಲ್ಲಿ ಬಣ್ಣದ ದೀಪ ಬಿಟ್ಟುಕೊಂಡು ತಲೆದೂಗುವವರಿದ್ದರು. ಊರ ಹೊರಗೆ ಹೋದರೆ ಮರ್ಯಾದೆಯೇ ಬೇರೆ. ಬಿಯರ್ ಗ್ಲಾಸು ತೂರಿಬಂತು. ಚಿಲ್ಲರೆ ಕಾಸು ತೂರಿಬಂತು. ಅಂಥ ಒಂದು ಕಾಸು ತಗುಲಿ ವಾಟರ್ಸ್‌ನ ಹಣೆ ಒಡೆಯಿತು.

ನಮ್ಮ ಟಾಕೀಸಿನಲ್ಲೂ ಹೀರೋ ಬಂದ ಕೂಡಲೇ ಪರದೆಗೆ ಕಾಸು ಎರಚುತ್ತಾರೆ. ಅದು ಪ್ರೀತಿಯ ಕಾಸು. ಇದು ಸಿಟ್ಟಿನ ಕಾಸು! ಹುಡುಗರನ್ನೂ ಪೂರ್ತಿ ಬಯ್ಯುವಂತಿಲ್ಲ ಬಿಡಿ. ಪೋಸ್ಟರಿನಲ್ಲಿ ಒಂದು, ಒಳಗೆ ಇನ್ನೊಂದು ಅಂದರೆ ಗಾಂಧಿಕ್ಲಾಸಿನಲ್ಲಿ ಕುರ್ಚಿ ಉಳಿಯುತ್ತದೆಯೇ?

ದೊಡ್ಡ ಹಾಲ್‌ಗಳಲ್ಲೂ ಗ್ರಹಚಾರ ತಪ್ಪಲಿಲ್ಲ. ಅದೇ ವರ್ಷ ಮೇ 12ರಂದು ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ಇವರ ಕಚೇರಿ. ಧ್ವನಿ ಸಭಾಂಗಣದ ಸುತ್ತ ತಿರುಗಿ ತಿರುಗಿ ಬರುವ ಹೊಸ ಯಂತ್ರ ತಂದಿದ್ದರು. ಕೇಳಿದವರು ಬೆರಗಾದರು. ಆದರೆ ಸೋಪಿನ ಗುಳ್ಳೆ ಬಿಟ್ಟು, ಹೂವು ಎರಚಿ ಕುರ್ಚಿ, ರತ್ನಗಂಬಳಿಯೆಲ್ಲ ಕೊಳೆಯಾಯಿತು. ಇನ್ನು ಈ ಕಡೆ ತಲೆ ಹಾಕಬೇಡಿ ಅಂತ ಹಾಲ್‌ನವರು ಬಾಗಿಲು ಹಾಕಿದರು!

ಅಷ್ಟರಲ್ಲಿ ಬ್ಯಾರೆಟ್‌ನ ಮನಸ್ಸು ಹದ ತಪ್ಪಿತ್ತು. ಒಂದೇ ಸ್ವರ ಮೀಟುತ್ತಾ ನಿಂತುಬಿಡುತ್ತಿದ್ದ. ಹಾಡು ಬರೆದವನನ್ನೇ ನೋಡಲು ಬಂದವರು ಕಲ್ಲಿನ ಹಾಗೆ ನಿಂತವನನ್ನು ನೋಡಿಕೊಂಡು ಮನೆಗೆ ಹೋದರು. 1968ರಲ್ಲಿ ಆತ ತಂಡದಿಂದ ಹೊರಬಿದ್ದ. ಅವನ ಜಾಗಕ್ಕೆ ಬಂದವನು ಡೇವಿಡ್ ಗಿಲ್ಮೋರ್.

ಸೂಜಿ ಬಿದ್ದರೂ ಕೇಳುವ ಕಾಲ

ಮುಂದಿನ ನಾಲ್ಕೈದು ವರ್ಷ ತಂಡಕ್ಕೂ ಜನಕ್ಕೂ ಒಳ್ಳೆಯ ಜೋಡಿ. ಪ್ರೊಗ್ರೆಸಿವ್ ರಾಕ್ ಅಂತ ಹೊಸ ಬಗೆ ಕಾಲೂರಿತ್ತು. ನಮ್ಮ ಸಿನಿಮಾ ಹಾಡಿನ ಹಾಗೆ ಪಲ್ಲವಿ, ಎರಡು ಚರಣ, ಮುಗೀತು ಅನ್ನುವಂಥದ್ದಲ್ಲ. ಇವರ 1971ರ 'ಮೆಡಲ್' ರೆಕಾರ್ಡಿನಲ್ಲಿ 'ಎಕೋಸ್' ಅನ್ನುವ ಒಂದೇ ಹಾಡು ಒಂದು ಇಡೀ ಮಗ್ಗುಲು, 23 ನಿಮಿಷಕ್ಕೂ ಹೆಚ್ಚು! ಜನ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದರು.

ಆ ಅಕ್ಟೋಬರ್‌ನಲ್ಲಿ ಏಡ್ರಿಯನ್ ಮಾಬೆನ್ ಎಂಬ ನಿರ್ದೇಶಕ ಇವರನ್ನು ಇಟಲಿಯ ಪಾಂಪೇಯಿಗೆ ಕರೆದೊಯ್ದ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಊರು. ಅಲ್ಲಿಯ ಪುರಾತನ ಬಯಲು ರಂಗಮಂದಿರದ ನಡುವೆ ತಂಡ ನುಡಿಸಿತು, ಕ್ಯಾಮೆರಾ ಓಡಿತು. ಪ್ರೇಕ್ಷಕರು? ಒಬ್ಬರೂ ಇಲ್ಲ! ಸುತ್ತ ಖಾಲಿ ಕಲ್ಲುಮೆಟ್ಟಿಲು, ಮೇಲೆ ಬಿಸಿಲು. ಸಂಗೀತದ ಚಿತ್ರಗಳಲ್ಲಿ ಇಂದಿಗೂ ಹೆಸರು ಹೇಳುವಂಥ ಚಿತ್ರ ಇದು. 2025ರಲ್ಲಿ ಹೊಸ ಮೆರುಗು ಕೊಟ್ಟು ಮತ್ತೆ ಥಿಯೇಟರುಗಳಿಗೆ ತಂದರು. ಚೆನ್ನಾಗಿದೆ, ಅನುಮಾನವಿಲ್ಲ. ಆದರೆ ನೋಡುತ್ತಾ ಒಂದು ಮಾತು ಅನಿಸದೆ ಇರದು. ಈ ಮಹಾಶಯರಿಗೆ ಖಾಲಿ ಕುರ್ಚಿಗಳೇ ಮೆಚ್ಚಿನ ಅಭಿಮಾನಿಗಳೇನೋ!

ಹೊಸ ಹಾಡುಗಳನ್ನು ಮೊದಲು ಜನರ ಮುಂದೆ ನುಡಿಸಿ, ಆಮೇಲೆ ರೆಕಾರ್ಡ್ ಮಾಡುವ ಧೈರ್ಯವೂ ಆಗ ಇತ್ತು. 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಹೊರಬಂದದ್ದು 1973ರ ಮಾರ್ಚ್‌ನಲ್ಲಿ. ಬ್ರೈಟನ್ ಊರಿನ ಜನ ಅದನ್ನು ಕೇಳಿದ್ದು 1972ರ ಜನವರಿ 20ರಂದೇ! ಪೂರ್ತಿ ಕೇಳಿದರು ಅನ್ನಬೇಡಿ. 'ಮನಿ' ಹಾಡಿನ ಹೊತ್ತಿಗೆ ಟೇಪು ಕೈಕೊಟ್ಟಿತು, ಅಲ್ಲಿಗೇ ನಿಲ್ಲಿಸಿದರು. ಮುಂದಿನ ತಿಂಗಳು ಲಂಡನ್ನಿನಲ್ಲಿ ನುಡಿಸಿದ್ದನ್ನು ಯಾರೋ ಕದ್ದು ಟೇಪ್ ಮಾಡಿ, ನಿಜವಾದ ರೆಕಾರ್ಡಿಗಿಂತ ಮೊದಲೇ ಕಳ್ಳ ರೆಕಾರ್ಡ್ ಮಾರಿದರು. ಹುಚ್ಚು ಅಷ್ಟಿತ್ತು.

ದುಡ್ಡಿನ ಹಾಡು ತಂದ ದೊಂಬಿ

ಆ 'ಮನಿ' ಹಾಡೇ ಅಮೆರಿಕದಲ್ಲಿ 13ನೇ ಸ್ಥಾನಕ್ಕೇರಿತು. ಆಲ್ಬಂ ಅಂತೂ 1988ರವರೆಗೆ ಅಲ್ಲಿಯ ಪಟ್ಟಿಯಲ್ಲಿ ಒಟ್ಟು 741 ವಾರ ಕೂತಿತ್ತು! ದುಡ್ಡು ಸುರಿಯಿತು. ಅದರ ಜೊತೆ ಹೊಸ ಜನವೂ ಬಂದರು. ಇವರಿಗೆ ಬೇಕಾದದ್ದು ಆ ಒಂದು ಹಾಡು. ಮೆಲ್ಲನೆಯ ಭಾಗ ಬಂದಾಗ "ಮನಿ! ಮನಿ!" ಅಂತ ಬೊಬ್ಬೆ. ಹಳೆಯ ಅಭಿಮಾನಿಗೆ ಪಕ್ಕದವನ ಕೂಗಿನಲ್ಲಿ ಹಾಡೇ ಕೇಳದು. ಒಂದೇ ಟಿಕೇಟು, ಒಂದೇ ಸಾಲು. ಒಬ್ಬನಿಗೆ ಪೂಜೆ, ಇನ್ನೊಬ್ಬನಿಗೆ ಜಾತ್ರೆ!

1974ರ ನವೆಂಬರ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಕಾರ್ಯಕ್ರಮವನ್ನು 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಪತ್ರಿಕೆಯ ನಿಕ್ ಕೆಂಟ್ ಹಿಗ್ಗಾಮುಗ್ಗಾ ಝಾಡಿಸಿದ. ಗಿಲ್ಮೋರ್‌ನ ಕೊಳಕು ಕೂದಲನ್ನೂ ಬಿಡಲಿಲ್ಲ! 1975ರ ಜುಲೈಯಲ್ಲಿ ನೆಬ್‌ವರ್ತ್ ಬಯಲಿನಲ್ಲಿ ಹಳೆಯ ಸ್ಪಿಟ್‌ಫೈರ್ ಯುದ್ಧವಿಮಾನಗಳು ಜನರ ತಲೆಯ ಮೇಲೆ ಹಾರಿ, ಆ ಸದ್ದಿಗೆ ಸರಿಯಾಗಿ ಸಂಗೀತ ಶುರುವಾಗಬೇಕಿತ್ತು. ವಿಮಾನ ಬಂತು, ಹೋಯಿತು. ಬ್ಯಾಂಡಿನವರು ಇನ್ನೂ ತಯಾರಾಗಿರಲಿಲ್ಲ! ಮೇಲಿಂದ ಜನರೇಟರ್ ಸತಾಯಿಸಿ ರಿಕ್ ರೈಟ್‌ನ ಕೀಬೋರ್ಡು ಶ್ರುತಿ ತಪ್ಪಿತು. ವಿಮಾನ ನೋಡಿದವನು ಸ್ವರ್ಗ ಕಂಡೆ ಎಂದ. ಕಿವಿ ಇದ್ದವನು ಹಲ್ಲು ಕಚ್ಚಿಕೊಂಡ.

ಹೀಗಿರುವಾಗ ಬಂತು 1977. ಮೊದಲರ್ಧ 'ಅನಿಮಲ್ಸ್' ಇಡೀ ಆಲ್ಬಂ, ಎರಡನೆಯರ್ಧ 'ವಿಶ್ ಯು ವರ್ ಹಿಯರ್' ಇಡೀ ಆಲ್ಬಂ. ತಲೆಯ ಮೇಲೆ ತೇಲುವ ದೊಡ್ಡ ಹಂದಿ ಬಲೂನು. ಅಮೆರಿಕದಲ್ಲಿ ಸ್ಟೇಡಿಯಂ ಮೇಲೆ ಸ್ಟೇಡಿಯಂ. ಹಿಂದಿನ ಸಾಲಿನಲ್ಲಿ ಕೂತವನಿಗೆ ವೇದಿಕೆಯ ಮೇಲಿನ ಮನುಷ್ಯ ಬೆಂಕಿಕಡ್ಡಿಯಷ್ಟು. ಅವನು ಪಟಾಕಿ ಹಚ್ಚದೆ ಇನ್ನೇನು ಮಾಡ್ತಾನೆ ಪಾಪ! ಮಾಂಟ್ರಿಯಲ್‌ನಲ್ಲಿ ಒಂದು ಮೆಲುದನಿಯ ಹಾಡಿಗೆ ಮೊದಲು ವಾಟರ್ಸ್ ನಿಲ್ಲಿಸಿ, ಪಟಾಕಿ ನಿಲ್ಲಿಸಿರೋ, ನಾನಿಲ್ಲಿ ಹಾಡಬೇಕು ಎಂಬರ್ಥದಲ್ಲಿ ಬೈದದ್ದು ಕಳ್ಳ ಟೇಪಿನಲ್ಲಿ ಇಂದಿಗೂ ಕೇಳುತ್ತದೆ.

ಉಗುಳಿದ್ದು ಅದೇ ರಾತ್ರಿ. ಗಿಲ್ಮೋರ್‌ಗೂ ಆ ರಾತ್ರಿ ಹಿಡಿಸಲಿಲ್ಲ. ಕೊನೆಯ ಹಾಡಿಗೆ ಆತ ವೇದಿಕೆಗೇ ಬರಲಿಲ್ಲ, ಜನರ ನಡುವಿನ ಧ್ವನಿ ಮಿಶ್ರಣದ ಕಟ್ಟೆಗೆ ಹೋಗಿ ನಿಂತ. ಅವನ ಬದಲು ಸ್ನೋವಿ ವೈಟ್ ಎಂಬ ಬಾಡಿಗೆ ಗಿಟಾರಿಗ ನಿಧಾನವಾಗಿ ಬ್ಲೂಸ್ ನುಡಿಸುತ್ತಿದ್ದ. ಕೆಲಸಗಾರರು ಒಂದೊಂದೇ ವಾದ್ಯ ಎತ್ತಿಕೊಂಡು ಹೋದರು. ಆಟ ಮುಗಿಯಿತು.

ನನ್ನನ್ನು ಕೇಳಿದರೆ ತಪ್ಪು ಹುಡುಗನದಲ್ಲ. ಎಂಬತ್ತು ಸಾವಿರ ಟಿಕೇಟು ಮಾರಿದವರು ಯಾರು? ಬಯಲು ತುಂಬ ಜನ ಸೇರಿಸಿ, ದೇವಸ್ಥಾನದ ಮೌನ ಬೇಕು ಅಂದರೆ ಎಲ್ಲಿಂದ ತರುವುದು? ಮೌನ ಬೇಕಾದವರು ಎರಡು ಸಾವಿರ ಕುರ್ಚಿಯ ಹಾಲ್‌ನಲ್ಲಿ ನುಡಿಸಬೇಕಿತ್ತು. ಆದರೆ ಅದರಲ್ಲಿ ಕಾಸಿಲ್ಲವಲ್ಲ! ಸಿಟ್ಟು ಬಂದದ್ದು ತಮ್ಮ ದುಡ್ಡಿನ ಆಸೆಯ ಮೇಲೆ, ಉಗುಳು ಬಿದ್ದದ್ದು ಮುಂದೆ ನಿಂತವನ ಮೇಲೆ.

ಕಾಸು ಕೊಟ್ಟು ನೋಡಿದ ಗೋಡೆ

ವಾಟರ್ಸ್‌ಗೂ ಆಮೇಲೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆತನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಅದೇ ರಾತ್ರಿ ವೇದಿಕೆಯ ಹಿಂದೆ ಮ್ಯಾನೇಜರ್ ಜೊತೆ ತಮಾಷೆಗೆ ಕುಸ್ತಿಯಾಡಲು ಹೋಗಿ ಕಾಲು ಕೊಯ್ದುಕೊಂಡ. ಆಸ್ಪತ್ರೆಯ ದಾರಿಯಲ್ಲಿ ಕಾರಿನಲ್ಲಿದ್ದವರು ನಿರ್ಮಾಪಕ ಬಾಬ್ ಎಜ್ರಿನ್ ಮತ್ತು ಆತನ ಸ್ನೇಹಿತನಾದ ಒಬ್ಬ ಮನೋವೈದ್ಯ. ಆಗ ಹೊರಬಿತ್ತು ಮನಸ್ಸಿನ ಮಾತು. ನನಗೂ ಜನಕ್ಕೂ ನಡುವೆ ಒಂದು ಗೋಡೆ ಕಟ್ಟಿಬಿಡಬೇಕು!

ಕಟ್ಟಿಯೇಬಿಟ್ಟ. 1979ರ ನವೆಂಬರ್‌ನಲ್ಲಿ 'ದಿ ವಾಲ್' ಆಲ್ಬಂ ಬಂತು, ಎಜ್ರಿನ್ ಅದರ ನಿರ್ಮಾಪಕರಲ್ಲೊಬ್ಬ. 1980ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಂಗಪ್ರದರ್ಶನ. ಶುರುವಿಗೇ ಮೋಸ! ನಾಲ್ವರು ಬಂದು ಭರ್ಜರಿಯಾಗಿ ನುಡಿಸುತ್ತಾರೆ, ಜನ ಹುಚ್ಚೆದ್ದು ಕೂಗುತ್ತಾರೆ. ಆಮೇಲೆ ನೋಡಿದರೆ ಅವರು ಪಿಂಕ್ ಫ್ಲಾಯ್ಡ್ ಅಲ್ಲ, ಅವರ ಮುಖವಾಡ ತೊಟ್ಟ ಡೂಪುಗಳು! ದೂರದಿಂದ ನಿಮಗೆ ವ್ಯತ್ಯಾಸ ಗೊತ್ತಾಯಿತೇ ಅಂತ ಕೆಣಕುವ ಹಾಗೆ. ಹಾಡು ಸಾಗಿದಂತೆ ಕೆಲಸಗಾರರು ನೂರಾರು ರಟ್ಟಿನ ಇಟ್ಟಿಗೆ ಜೋಡಿಸುತ್ತಾ ಹೋಗುತ್ತಾರೆ. ಮಧ್ಯಂತರದ ಹೊತ್ತಿಗೆ ಮೂರು ಅಂತಸ್ತಿನಷ್ಟು ಎತ್ತರದ ಗೋಡೆ. ಮಧ್ಯಂತರ ಮುಗಿದ ಮೇಲೆ ತಂಡ ಗೋಡೆಯ ಹಿಂದೆ, ಜನ ಗೋಡೆಯ ಮುಂದೆ!

ಮೊದಲ ರಾತ್ರಿ ಸಿಡಿಮದ್ದಿನ ಕಿಡಿ ತಗುಲಿ ಪರದೆಗೆ ಬೆಂಕಿ ಹತ್ತಿತು. ಇದೂ ಆಟದ ಭಾಗವೇನೋ ಅಂದುಕೊಳ್ಳಬೇಕು ನೋಡುವವರು! ಆಟ ನಿಲ್ಲಿಸಿ ಬೆಂಕಿ ಆರಿಸಿದರು. ಆದರೆ ಗಿಲ್ಮೋರ್ ಗೋಡೆಯ ತುದಿಯಲ್ಲಿ ನಿಂತು 'ಕಂಫರ್ಟಬ್ಲಿ ನಂಬ್' ನುಡಿಸುವ ಘಳಿಗೆ ಇದೆಯಲ್ಲ, ಹಿಂದಿನಿಂದ ಬೆಳಕು, ಕೆಳಗೆ ಕತ್ತಲು, ಅದನ್ನು ಕಂಡವರು ಜನ್ಮದಲ್ಲಿ ಮರೆಯಲಾರರು. ಗೋಡೆ ನೋಡಲು ದುಡ್ಡು ಕೊಟ್ಟೆನೇ ಅಂತ ಗೊಣಗುವವನೂ ಅಲ್ಲಿ ಬಾಯಿ ಮುಚ್ಚಬೇಕು. ಕೊನೆಗೆ ಗೋಡೆ ದಡದಡ ಬೀಳುತ್ತದೆ.

ಇಷ್ಟು ದುಬಾರಿ ಆಟವನ್ನು ಊರೂರಿಗೆ ಹೊತ್ತೊಯ್ಯಲು ಆಗಲಿಲ್ಲ. ಲಾಸ್ ಏಂಜಲೀಸ್, ನ್ಯೂಯಾರ್ಕ್ ಬಳಿಯ ಯೂನಿಯನ್‌ಡೇಲ್, ಲಂಡನ್, ಜರ್ಮನಿಯ ಡಾರ್ಟ್‌ಮಂಡ್. 1981ರವರೆಗೆ ನಾಲ್ಕೇ ಊರು, 31 ಆಟ. ತಂಡಕ್ಕೆ ಬಂದದ್ದು ನಷ್ಟ. ತಮಾಷೆ ಕೇಳಿ: ವಾಟರ್ಸ್ ಜಗಳವಾಡಿ ತೆಗೆದುಹಾಕಿದ್ದ ರಿಕ್ ರೈಟ್ ಸಂಬಳಕ್ಕೆ ನುಡಿಸುತ್ತಿದ್ದ. ಹಾಗಾಗಿ ಆ ಆಟದಲ್ಲಿ ಕಾಸು ಕಂಡವನು ಅವನೊಬ್ಬನೇ!

1982ರಲ್ಲಿ ಅಲನ್ ಪಾರ್ಕರ್ ಇದನ್ನು ಸಿನಿಮಾ ಮಾಡಿದ. ನಾಯಕ ಬಾಬ್ ಗೆಲ್ಡಾಫ್. 1981ರ ಲಂಡನ್ ಪ್ರದರ್ಶನಗಳನ್ನು ಚಿತ್ರೀಕರಿಸಿ ಚಿತ್ರದಲ್ಲಿ ಸೇರಿಸಬೇಕೆಂದಿದ್ದರು. ಸರಿಬರಲಿಲ್ಲ, ಕೈಬಿಟ್ಟರು. ಸಿನಿಮಾ ನೋಡಿದವರಿಗೆ ಗೋಡೆ ಸಿಕ್ಕಿತು, ಆ ರಾತ್ರಿಗಳು ಸಿಗಲಿಲ್ಲ.

ಅರಮನೆ ಮೈದಾನದಲ್ಲಿ

1985ರಲ್ಲಿ ವಾಟರ್ಸ್ ತಂಡ ಬಿಟ್ಟ. ಉಳಿದವರು ಅದೇ ಹೆಸರಿನಲ್ಲಿ ಮುಂದುವರಿದರು. 1989ರ ಜುಲೈ 15ರಂದು ವೆನಿಸ್‌ನಲ್ಲಿ ನೀರ ಮೇಲೆ ತೇಲುವ ವೇದಿಕೆ ಕಟ್ಟಿ ನುಡಿಸಿದರು. ಸುಮಾರು ಎರಡು ಲಕ್ಷ ಜನ ಪುಕ್ಕಟೆ ಕೇಳಿ, ಊರ ತುಂಬ ಕಸ ಬಿಟ್ಟು ಹೋದರು. ಗಲಾಟೆಯೆದ್ದು ಮೇಯರ್ ಸಹಿತ ನಗರಸಭೆಯೇ ರಾಜೀನಾಮೆ ಕೊಡಬೇಕಾಯಿತು! 1994ರ ಅಕ್ಟೋಬರ್ 12ರಂದು ಲಂಡನ್ನಿನ ಅರ್ಲ್ಸ್ ಕೋರ್ಟ್‌ನಲ್ಲಿ ಆಟ ಶುರುವಾಗುತ್ತಿದ್ದಂತೆ ಸುಮಾರು 1,200 ಜನ ಕೂತಿದ್ದ ಅಟ್ಟಣೆ ಕುಸಿಯಿತು. ಹಲವರಿಗೆ ಗಾಯ. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ವಾಟರ್ಸ್, ಗಿಲ್ಮೋರ್, ರೈಟ್, ಮೇಸನ್ ನಾಲ್ವರೂ ಒಂದೇ ವೇದಿಕೆ ಹತ್ತಿದರು. ಇಪ್ಪತ್ತು ಚಿಲ್ಲರೆ ನಿಮಿಷ, ಅಷ್ಟೇ. 2008ರಲ್ಲಿ ರೈಟ್ ತೀರಿಕೊಂಡ.

ಪಿಂಕ್ ಫ್ಲಾಯ್ಡ್ ತಂಡ ನಮ್ಮ ದೇಶಕ್ಕೆ ಬರಲೇ ಇಲ್ಲ. ಬಂದವನು ವಾಟರ್ಸ್, ತನ್ನದೇ ತಂಡ ಕಟ್ಟಿಕೊಂಡು. 2007ರಲ್ಲಿ ಮುಂಬೈಗೆ. ಅದಕ್ಕೂ ಮೊದಲು, 2002ರ ಏಪ್ರಿಲ್‌ನಲ್ಲಿ, ನಮ್ಮ ಬೆಂಗಳೂರಿನ ಅರಮನೆ ಮೈದಾನಕ್ಕೆ! ಕ್ಯಾಸೆಟ್ ಸವೆಯುವ ತನಕ ಕೇಳಿದ್ದ ಹಾಡುಗಳು ಕಣ್ಣೆದುರಿಗೆ. ಗಿಲ್ಮೋರ್ ಇಲ್ಲದ ಫ್ಲಾಯ್ಡ್ ಉಪ್ಪಿಲ್ಲದ ಊಟ ಅನ್ನುವವರು ಅನ್ನಲಿ. ಊಟವೇ ಕಾಣದೆ ಮೂವತ್ತು ವರ್ಷ ಕಾದವರಿಗೆ ಅದು ಹಬ್ಬದೂಟ.

ಒಂದು ಸಂಗತಿ ಗಮನಿಸಿ. 1977ರ ಆ ಪ್ರವಾಸದ ಹೆಸರು 'ಇನ್ ದಿ ಫ್ಲೆಶ್'. ವಾಟರ್ಸ್ ಬೆಂಗಳೂರಿಗೆ ಬಂದ ಪ್ರವಾಸದ ಹೆಸರೂ ಅದೇ! ಆ ಪ್ರವಾಸದಲ್ಲಿ ಆತ ಮೊದಲು ಹಾಡುತ್ತಿದ್ದ ಹಾಡೂ ಅದೇ ಹೆಸರಿನದು, 'ದಿ ವಾಲ್' ಆಲ್ಬಂನದು. ತನ್ನನ್ನು ನೋಡಲು ಬಂದ ಜನರನ್ನೇ ದ್ವೇಷಿಸುವ ಗಾಯಕನ ವೇಷದಲ್ಲಿ ಹಾಡುವ ಹಾಡದು. ಮಾಂಟ್ರಿಯಲ್‌ನಲ್ಲಿ ಗಿಲ್ಮೋರ್ ಬರದ ಹೊತ್ತಿನಲ್ಲಿ ಬ್ಲೂಸ್ ನುಡಿಸುತ್ತಾ ನಿಂತಿದ್ದನಲ್ಲ ಸ್ನೋವಿ ವೈಟ್, ಇಪ್ಪತ್ತೈದು ವರ್ಷದ ನಂತರ ಅರಮನೆ ಮೈದಾನದಲ್ಲಿ ವಾಟರ್ಸ್‌ನ ಪಕ್ಕದಲ್ಲಿ ಗಿಟಾರು ಹಿಡಿದು ನಿಂತವನೂ ಅವನೇ.